ತಡವಾಗಿ ನಡೆಯುವ ಅಯಾನು



ಜಿನೀವಾ ನಗರದ ಹೊರವಲಯದಲ್ಲಿ, ಫ್ರಾನ್ಸಿನ ಗಡಿಯೊಳಕ್ಕೆ ಸೇರಿದ ಒಂದು ಸಣ್ಣ ಊರಿನ ಬಳಿ, ನೆಲದಿಂದ 56 ಮೀಟರು ಆಳದಲ್ಲಿ ಕೊರೆದ ವಿಶಾಲವಾದ ಗುಹೆಯೊಂದರೊಳಗೆ, ಐದು ಮೀಟರು ಉದ್ದವೂ ಐದು ಮೀಟರು ವ್ಯಾಸವೂ ಉಳ್ಳ ಒಂದು ದೊಡ್ಡ ಪೀಪಾಯಿ ಮಲಗಿದೆ. ಅದರೊಳಗೆ ಇಣಿಕಿ ನೋಡಿದವರಿಗೆ ಕಾಣುವುದು ಶೂನ್ಯವೇ. ಅಂಗಡಿಗಳ ಫಲಕಗಳಲ್ಲಿ ಕೆಂಪಗೆ ಬೆಳಗುವ ನಿಯಾನ್ ಅನಿಲ, ಅದರೊಡನೆ ಕೊಂಚ ಇಂಗಾಲದ ಡೈಆಕ್ಸೈಡು, ಕೊಂಚ ಸಾರಜನಕ, ಇಷ್ಟೇ ಅಲ್ಲಿರುವುದು. ಆದರೆ ಸೀಸದ ಎರಡು ಪರಮಾಣು ನ್ಯೂಕ್ಲಿಯಸುಗಳು ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಎದುರುಬದುರಾಗಿ ಬಂದು ಈ ಪೀಪಾಯಿಯ ನಟ್ಟನಡುವೆ ಡಿಕ್ಕಿ ಹೊಡೆದಾಗ, ಆ ಘಟ್ಟನೆಯಿಂದ ಸಾವಿರಾರು ಕಣಗಳು ಸಿಡಿದು ಹಾರುತ್ತವೆ. ಒಂದೊಂದು ಕಣ ಎತ್ತ ಹೋಯಿತು, ಎಷ್ಟು ಬಾಗಿತು, ಅದು ಯಾವ ಜಾತಿಯ ಕಣ ಎಂಬುದನ್ನು ಮನುಷ್ಯನಿಗೆ ತಿಳಿಸುವುದು ಆ ಬರಿದಾದಂತೆ ತೋರುವ ಅನಿಲವೇ. ಆಲಿಸ್ ಎಂದು ಕರೆಯಲ್ಪಡುವ ಆ ಮಹಾಪ್ರಯೋಗದ ಕಣ್ಣು ಇದು. ಇಂತಹ ಕಣ್ಣನ್ನು ಮನುಷ್ಯರು ಹೇಗೆ ಕಟ್ಟಿದರು, ಕಟ್ಟುವಾಗ ಎದುರಾದ ತೊಡಕು ಯಾವುದು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸುವ ಅನುಕೂಲ ಬಾನುಲಿಯಲ್ಲಿ ಇಲ್ಲವಾದುದರಿಂದ, ತಾವು ಮನಸ್ಸಿನಲ್ಲಿಯೇ ಚಿತ್ರಗಳನ್ನು ಬರೆದುಕೊಳ್ಳುವ ಶ್ರಮವನ್ನು ವಹಿಸಬೇಕೆಂದು ಪ್ರಾರ್ಥಿಸುತ್ತೇನೆ.

ವಿದ್ಯುದಾವೇಶವುಳ್ಳ ಕಣವೊಂದು ಅನಿಲದ ಮೂಲಕ ಹಾಯ್ದುಹೋಗುವಾಗ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಪರಮಾಣುವನ್ನು ತಾಕಿ ಅದರ ಇಲೆಕ್ಟ್ರಾನೊಂದನ್ನು ಕಿತ್ತುಬಿಡುತ್ತದೆ. ಕಿತ್ತ ಇಲೆಕ್ಟ್ರಾನು ಋಣಾವೇಶದ್ದು. ಅದನ್ನು ಕಳೆದುಕೊಂಡ ಪರಮಾಣು ಧನಾವೇಶದ್ದಾಗುತ್ತದೆ, ಅದನ್ನು ಅಯಾನು ಎನ್ನುತ್ತೇವೆ. ಆರ್ಗಾನ್ ಅನಿಲದಲ್ಲಿ ಒಂದು ಸೆಂಟಿಮೀಟರು ದೂರ ಸಾಗಿದ ವೇಗದ ಕಣ ಎಲ್ಲ ಸೇರಿ ನೂರರಷ್ಟು ಇಂತಹ ಜೋಡಿಗಳನ್ನು ಬಿಟ್ಟುಹೋಗುತ್ತದೆ. ಒಂದು ಘನ ಸೆಂಟಿಮೀಟರು ಅನಿಲದಲ್ಲಿ ಇರುವ ಪರಮಾಣುಗಳ ಸಂಖ್ಯೆಯನ್ನು ಬರೆಯಲು ಇಪ್ಪತ್ತು ಅಂಕಿಗಳು ಬೇಕು. ಅವುಗಳ ನಡುವೆ ಈ ನೂರು ಇಲೆಕ್ಟ್ರಾನುಗಳು ಎಲ್ಲಿವೆಯೆಂದು ಹುಡುಕಬೇಕು. ಅತ್ಯುತ್ತಮವಾದ ವರ್ಧಕಯಂತ್ರದಲ್ಲಿಯೂ ಅದರದೇ ಒಳಗದ್ದಲ ಹಲವು ನೂರು ಇಲೆಕ್ಟ್ರಾನುಗಳಷ್ಟಿರುವುದರಿಂದ, ನೂರರ ಪಿಸುಮಾತು ಆ ಗದ್ದಲದಲ್ಲಿ ಅಡಗಿಹೋಗುತ್ತದೆ. ಆದುದರಿಂದ ಅನಿಲದೊಳಗೇ ಆ ನೂರನ್ನು ಹತ್ತು ಲಕ್ಷವಾಗಿಸುವ ಉಪಾಯ ಬೇಕಾಯಿತು.

ಆ ಉಪಾಯ ಒಂದು ತೆಳುವಾದ ತಂತಿ. ತುಂಬಿದ ಕೆರೆಯನ್ನು ನೆನೆದುಕೊಳ್ಳಿರಿ: ವಿಸ್ತಾರವಾದ ನೀರೆಲ್ಲ ನಿಶ್ಚಲವಾಗಿದ್ದರೂ ತೂಬಿನ ಬಾಯ ಬಳಿಯಲ್ಲಿ ಮಾತ್ರ ಸೆಳೆತ ಭಯಂಕರವಾಗಿರುತ್ತದೆ. ಧನವಿದ್ಯುತ್ತನ್ನು ಹೊತ್ತ ಸೂಕ್ಷ್ಮವಾದ ತಂತಿಯ ಸುತ್ತಲಿನ ವಿದ್ಯುತ್‌ಕ್ಷೇತ್ರವೂ ಹಾಗೆಯೇ. ದೂರದಲ್ಲಿ ಮಂದ, ತಂತಿಯ ಮೈಯ ಬಳಿಗೆ ಬಂದಂತೆ ಅತಿ ತೀವ್ರ. ಅನಿಲದಲ್ಲಿ ತೇಲುತ್ತ ಬಂದ ಇಲೆಕ್ಟ್ರಾನು ಆ ಸೆಳೆತಕ್ಕೆ ಸಿಕ್ಕೊಡನೆ ಅಡ್ಡಬಂದ ಪರಮಾಣುವಿನಿಂದ ಇನ್ನೊಂದನ್ನು ಬಿಡಿಸುವಷ್ಟು ವೇಗವನ್ನು ಪಡೆಯುತ್ತದೆ; ಒಂದು ಎರಡಾಗಿ, ಎರಡು ನಾಲ್ಕಾಗಿ, ಕೂದಲೆಳೆಯಷ್ಟು ದೂರದಲ್ಲಿ ಸಾವಿರಗಟ್ಟಲೆಯಾಗುತ್ತದೆ. ಪಾಶ್ಚಾತ್ಯರು ಇದಕ್ಕೆ ಹಿಮಪಾತದ ಹೆಸರನ್ನಿಟ್ಟಿದ್ದಾರೆ. ಹಿಮವನ್ನು ಕಾಣದ ನಮಗೆ ಜಡಿಮಳೆಯಲ್ಲಿ ಘಟ್ಟದ ಗುಡ್ಡ ಜರಿಯುವುದನ್ನು ನೆನೆದರೆ ಸಾಕು. ಈ ವೃದ್ಧಿಯ ನಿಯಮಗಳನ್ನು ಟೌನ್‌ಸೆಂಡ್ ಎಂಬ ವಿಜ್ಞಾನಿ ಅರಿತು ತಿಳಿಸಿದ ಮೇಲೆ, 1908ರಲ್ಲಿ ರುದರ್‌ಫೋರ್ಡನೂ ಗೈಗರನೂ ಮ್ಯಾಂಚೆಸ್ಟರಿನಲ್ಲಿ ಇದೇ ತತ್ತ್ವದಿಂದ ಆಲ್ಫಾ ಕಣಗಳನ್ನು ಒಂದೊಂದಾಗಿ ಎಣಿಸಿದರು.

ಇಲ್ಲಿ ಒಂದು ಸಂಗತಿಯನ್ನು ತಾವು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದನ್ನೇ ಹಿಡಿದು ನಡೆಯುತ್ತದೆ. ಹುಟ್ಟಿದ ಇಲೆಕ್ಟ್ರಾನುಗಳು ಹಗುರವಾದುವು. ಕಣ್ಣೆವೆ ಇಕ್ಕುವುದರೊಳಗೆ ಎಂಬ ಮಾತೂ ಅವುಗಳಿಗೆ ಬಲು ನಿಧಾನವಾಗುವಂತೆ ತಂತಿಯನ್ನು ಸೇರಿಬಿಡುತ್ತವೆ. ಆದರೆ ಅವುಗಳ ಜೊತೆಯಲ್ಲಿಯೇ ಹುಟ್ಟಿದ ಅಷ್ಟೇ ಸಂಖ್ಯೆಯ ಅಯಾನುಗಳು ಅಲ್ಲಿಯೇ ಉಳಿಯುತ್ತವೆ. ಆರ್ಗಾನಿನ ಅಯಾನು ಇಲೆಕ್ಟ್ರಾನಿಗಿಂತ ಎಪ್ಪತ್ತು ಸಾವಿರ ಮಡಿಗೂ ಮಿಕ್ಕಿ ಭಾರವಾದುದು. ಉತ್ಸವದ ದಿನ ಹುಡುಗರೆಲ್ಲ ಓಡಿ ಹೋಗಿ ರಥಬೀದಿಯ ಕೊನೆಯನ್ನು ಮುಟ್ಟಿದ್ದರೂ ತೇರು ಇನ್ನೂ ಮೊದಲ ತಿರುವಿನಲ್ಲಿಯೇ ಇರುವಂತೆ, ಇಲೆಕ್ಟ್ರಾನುಗಳಿಗಿಂತ ಸಾವಿರ ಪಾಲು ನಿಧಾನವಾಗಿ ಅಯಾನುಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಅನಿಲವನ್ನು ಕಣ್ಣಾಗಿಸಿಕೊಂಡ ವಿಜ್ಞಾನದ ಚರಿತ್ರೆಯನ್ನು ನಾನು ಓದಿದ ಮಟ್ಟಿಗೆ, ಇಲೆಕ್ಟ್ರಾನು ಎಂದೂ ದೊಡ್ಡ ತೊಂದರೆಯನ್ನು ಕೊಟ್ಟಂತಿಲ್ಲ. ಮನುಷ್ಯನ ಜಾಣ್ಮೆಯೆಲ್ಲ ವೆಚ್ಚವಾದುದು ಈ ಹಿಂದುಳಿಯುವ ಅಯಾನನ್ನು ಸಂಭಾಳಿಸುವುದರಲ್ಲಿ.

ತಂತಿ ಕಣವನ್ನು ಎಣಿಸಬಲ್ಲುದಾಗಿದ್ದರೂ ಕಣದ ಜಾಡನ್ನು ಬಹುಕಾಲ ಕಣ್ಣಿನಿಂದಲೇ ನೋಡುತ್ತಿದ್ದರು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ 1894ರಲ್ಲಿ ಮಂಜು ಮೋಡಗಳ ಮೇಲೆ ಸೂರ್ಯನ ಬೆಳಕು ಕಟ್ಟುವ ಬಣ್ಣದ ಬಳೆಗಳನ್ನು ಕಂಡು ಬೆರಗಾದ ವಿಲ್ಸನ್ ಎಂಬ ತರುಣ, ಆ ಮೋಡವನ್ನು ಪ್ರಯೋಗಶಾಲೆಯಲ್ಲಿ ಮಾಡಬೇಕೆಂದು ಹೊರಟು, 1911ರ ವೇಳೆಗೆ ಕಣದ ಹಾದಿಯ ಮೇಲೆ ಹನಿಗಟ್ಟುವ ಮೇಘಕೋಷ್ಠವನ್ನು ಸಿದ್ಧಗೊಳಿಸಿದನು. ಗ್ಲೇಸರ್ 1952ರಲ್ಲಿ ಅದನ್ನು ತಿರುವುಮಾಡಿ, ಕಾದ ದ್ರವದಲ್ಲಿ ಗುಳ್ಳೆಗಳ ಸಾಲು ಏಳುವಂತೆ ಮಾಡಿದನು. ಇವೆರಡೂ ಸುಂದರವಾದ ಚಿತ್ರಗಳನ್ನು ಕೊಟ್ಟುವು. ಆದರೆ ಚಿತ್ರ ತೆಗೆದ ಮೇಲೆ ಕೋಷ್ಠವನ್ನು ಮತ್ತೆ ಹದಗೊಳಿಸಬೇಕು. ತೆಗೆದ ಲಕ್ಷಾಂತರ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಬಹುಮಟ್ಟಿಗೆ ಹೆಣ್ಣುಮಕ್ಕಳೇ ಆಗಿದ್ದ ಪರೀಕ್ಷಕರು ತಿಂಗಳುಗಟ್ಟಲೆ ಕುಳಿತು ಒಂದೊಂದು ಗೆರೆಯನ್ನೂ ಅಳೆಯಬೇಕು. ಕೋಟಿ ಘಟನೆಗಳಲ್ಲಿ ಒಂದರಂತೆ ಅಪರೂಪವಾಗಿ ನಡೆಯುವ ಸಂಗತಿಯನ್ನು ಹುಡುಕುವವನಿಗೆ ಈ ದಾರಿ ಮುಗಿಯುವಂತಹುದಲ್ಲ.

ಈ ಘಟ್ಟದಲ್ಲಿ ರಂಗಕ್ಕೆ ಬಂದವನು ಜಾರ್ಜ್ ಶರ್ಪಾಕ್. ಅವನು 1924ರಲ್ಲಿ ಅಂದಿನ ಪೋಲೆಂಡಿನ, ಇಂದಿನ ಯುಕ್ರೇನಿನ, ಒಂದು ಸಣ್ಣ ಪಟ್ಟಣದಲ್ಲಿ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಏಳು ವರ್ಷದ ಬಾಲಕನಾಗಿದ್ದಾಗ ತಂದೆತಾಯಿಗಳೊಡನೆ ಪ್ಯಾರಿಸ್ಸಿಗೆ ಬಂದವನು. ಯುದ್ಧಕಾಲದಲ್ಲಿ ನಾಜಿಗಳನ್ನು ಎದುರಿಸಿದ ಗುಪ್ತದಳದಲ್ಲಿ ಸೇರಿ, ಸೆರೆಸಿಕ್ಕಿ, 1944ರಲ್ಲಿ ದಾಖೌ ಶಿಬಿರಕ್ಕೆ ತಳ್ಳಲ್ಪಟ್ಟು, ಮರುವರ್ಷ ಬಿಡುಗಡೆಯಾಗುವ ತನಕ ಆ ನರಕವನ್ನು ಕಂಡವನು. ಅಲ್ಲಿಂದ ಜೀವ ಉಳಿಸಿಕೊಂಡು ಬಂದ ಇಪ್ಪತ್ತರ ಯುವಕ ಮತ್ತೆ ಪುಸ್ತಕವನ್ನು ಹಿಡಿದನು, ವಿಜ್ಞಾನಿ ಜೋಲಿಯೋ ಕ್ಯೂರಿಯ ಬಳಿ ಶಿಷ್ಯವೃತ್ತಿ ಮಾಡಿದನು, 1959ರಲ್ಲಿ ಜಿನೀವಾದ ಕಣವಿಜ್ಞಾನ ಸಂಸ್ಥೆಯಾದ ಸರ್ನನ್ನು ಸೇರಿದನು ಎಂಬುದನ್ನು ಓದಿದಾಗಲೆಲ್ಲ ನನಗೆ ಮನುಷ್ಯನ ಚೇತನದ ವಿಷಯದಲ್ಲಿ ಗೌರವ ಹೆಚ್ಚುತ್ತದೆ.

ಶರ್ಪಾಕನ ಯೋಚನೆ ಕೇಳುವುದಕ್ಕೆ ಅತಿ ಸರಳ. ಒಂದು ತಂತಿ ಒಂದು ಕಣವನ್ನು ಎಣಿಸುವುದಾದರೆ, ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಸಾಲಾಗಿ ಬಿಗಿದ ನೂರು ತಂತಿಗಳಲ್ಲಿ ಯಾವುದು ನುಡಿಯಿತೆಂದು ನೋಡಿದರೆ ಕಣ ಎಲ್ಲಿ ಹಾಯಿತೆಂಬುದು ತಿಳಿಯಬೇಕಲ್ಲವೇ? ಈ ಸರಳ ಯೋಚನೆಯನ್ನು ಬಲ್ಲವರು ಬಹುಕಾಲ ಕೈಗೆತ್ತಿಕೊಳ್ಳದಿದ್ದುದಕ್ಕೆ ಕಾರಣವಿತ್ತು. ಹತ್ತಿರ ಹತ್ತಿರ ಬಿಗಿದ ತಂತಿಗಳು ವಿದ್ಯುತ್ತಿನ ದೃಷ್ಟಿಯಿಂದ ಒಂದಕ್ಕೊಂದು ಅಂಟಿಕೊಂಡಂತೆಯೇ ಸರಿ. ಒಂದು ತಂತಿಯಲ್ಲಿ ಎದ್ದ ಸಂಕೇತ ಅಕ್ಕಪಕ್ಕದವುಗಳಿಗೂ ಹಬ್ಬಿ, ಎಲ್ಲವೂ ಒಟ್ಟಿಗೆ ನುಡಿದು, ಯಾವುದು ಮೂಲವೆಂಬುದು ತಿಳಿಯದೆ ಹೋಗುವುದೆಂದು ಭಯಪಟ್ಟಿದ್ದರು. ಶರ್ಪಾಕನೂ ಅವನ ಸಹೋದ್ಯೋಗಿಗಳೂ 1968ರಲ್ಲಿ ಅಂಗೈಯಗಲಕ್ಕಿಂತ ಹೆಚ್ಚೇನೂ ದೊಡ್ಡದಲ್ಲದ ಒಂದು ತಂತಿಪೆಟ್ಟಿಗೆಯನ್ನು ಕಟ್ಟಿ, ಒಂದೊಂದು ತಂತಿಗೂ ಒಂದೊಂದು ಪ್ರತ್ಯೇಕ ವರ್ಧಕವನ್ನು ಜೋಡಿಸಿ ನೋಡಿದಾಗ, ಭಯಪಟ್ಟಂತೆ ಏನೂ ಆಗಲಿಲ್ಲ. ಕಣ ಹಾಯ್ದ ಕಡೆಯ ತಂತಿಯಲ್ಲಿ ಋಣಸಂಕೇತ. ನೆರೆಯ ತಂತಿಗಳಲ್ಲಿ ಅದಕ್ಕೆ ವಿರುದ್ಧವಾದ ಧನಸಂಕೇತ! ಧನಸಂಕೇತವನ್ನು ಕಡೆಗಣಿಸುವಂತೆ ವರ್ಧಕಕ್ಕೆ ಹೇಳಿದರೆ ಮುಗಿಯಿತು, ಪ್ರತಿಯೊಂದು ತಂತಿಯೂ ತನ್ನ ಪಾಡಿಗೆ ತಾನು ಸ್ವತಂತ್ರ.

ಈ ಉಪಕಾರವನ್ನು ಮಾಡಿದವರಾರು? ಅದೇ ಹಿಂದುಳಿದ ಅಯಾನುಗಳು. ತಂತಿಯಲ್ಲಿ ನಾವು ಕೇಳುವ ಸಂಕೇತದ ಬಹುಭಾಗ ಧಾವಿಸಿ ಬಂದ ಇಲೆಕ್ಟ್ರಾನುಗಳಿಂದ ಹುಟ್ಟುವುದಲ್ಲ. ತಂತಿಯ ಮೈಯನ್ನು ಬಿಟ್ಟು ದೂರ ಸರಿಯುವ ಅಯಾನುಗಳ ಮೇಘ ತನ್ನ ಚಲನೆಯಿಂದಲೇ ಈ ತಂತಿಯಲ್ಲಿ ಋಣಸಂಕೇತವನ್ನೂ, ತಾನು ಸಮೀಪಿಸುವ ನೆರೆತಂತಿಗಳಲ್ಲಿ ಧನಸಂಕೇತವನ್ನೂ ಪ್ರೇರಿಸುತ್ತದೆ. ಅಂಟುಜಾಡ್ಯದಂತೆ ಹಬ್ಬಬೇಕಾಗಿದ್ದ ಋಣಸಂಕೇತವನ್ನು ಈ ಧನಪ್ರೇರಣೆ ಮುಚ್ಚಿ ಮೀರಿಸುತ್ತದೆ. ಸೆಕೆಂಡಿಗೆ ಒಂದೆರಡು ಚಿತ್ರಗಳನ್ನು ತೆಗೆಯುತ್ತಿದ್ದ ಕಾಲ ಹೋಗಿ, ತಂತಿಯೊಂದಕ್ಕೆ ಸೆಕೆಂಡಿಗೆ ಲಕ್ಷಗಟ್ಟಲೆ ಕಣಗಳನ್ನು ಎಣಿಸಿ ಅಂಕಿಗಳನ್ನು ನೇರವಾಗಿ ಗಣಕಯಂತ್ರಕ್ಕೆ ಕೊಡುವ ಕಾಲ ಬಂದಿತು. ಆರೇ ವರ್ಷಗಳಲ್ಲಿ, 1974ರಲ್ಲಿ, ಸ್ಯಾಮ್ಯುಯೆಲ್ ಟಿಂಗನ ತಂಡ ಬ್ರೂಕ್‌ಹೇವನ್ನಿನಲ್ಲಿ ಜೆ ಎಂಬ ಹೊಸ ಕಣವನ್ನು ಕಂಡುಹಿಡಿದುದು ಇಂತಹ ತಂತಿಪೆಟ್ಟಿಗೆಗಳ ನೆರವಿನಿಂದ. ಶರ್ಪಾಕನಿಗೆ 1992ರಲ್ಲಿ, ಬೇರೆ ಯಾರೊಡನೆಯೂ ಹಂಚಿಕೊಳ್ಳದೆ, ನೊಬೆಲ್ ಪಾರಿತೋಷಕ ಸಂದಿತು. ತರುವಾಯದ ವರ್ಷಗಳಲ್ಲಿ ಅವನು ಇದೇ ಪೆಟ್ಟಿಗೆಯನ್ನು ವೈದ್ಯರ ಕೈಗೆ ಕೊಡಲು, ರೋಗಿಯ ಮೈಗೆ ತಗಲುವ ಕ್ಷಕಿರಣದ ಪ್ರಮಾಣವನ್ನು ಇಳಿಸಲು ಬಹಳ ಶ್ರಮಿಸಿದನು.

ಇಂತಹ ಪೆಟ್ಟಿಗೆಯನ್ನು ಕೈಯಾರ ಕಟ್ಟುವವರ ಕಷ್ಟವನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲು ನನ್ನ ಮನಸ್ಸು ಒಪ್ಪದು. ಚಿನ್ನದ ಲೇಪ ಕೊಟ್ಟ ಟಂಗ್‌ಸ್ಟನ್ ತಂತಿ, ಅದರ ದಪ್ಪ ಇಪ್ಪತ್ತು ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ವೀಣೆಯನ್ನು ಶ್ರುತಿಗೂಡಿಸುವವನಂತೆ ಪ್ರತಿಯೊಂದು ತಂತಿಯನ್ನೂ ನಿಯತವಾದ ಬಿಗಿಗೆ ತರಬೇಕು. ಬಿಗಿ ಸಾಲದಿದ್ದರೆ ಒಂದೇ ಜಾತಿಯ ವಿದ್ಯುತ್ತನ್ನು ಹೊತ್ತ ತಂತಿಗಳು ಪರಸ್ಪರ ವಿಕರ್ಷಿಸಿ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಬಾಗಿ, ಸಾಲೇ ಕೆಡುತ್ತದೆ. ಒಂದು ತಂತಿ ಹರಿದು ಬಿದ್ದರೆ ಅದರ ಸಾಲೆಲ್ಲ ಕಣ್ಣು ಮುಚ್ಚುತ್ತದೆ. ಇನ್ನು ಅನಿಲ: ಆರ್ಗಾನ್ ಒಂದನ್ನೇ ತುಂಬಿದರೆ, ಉದ್ರಿಕ್ತವಾದ ಪರಮಾಣುಗಳು ಸೂಸುವ ಅತಿನೇರಳೆ ಬೆಳಕು ಪೆಟ್ಟಿಗೆಯ ಗೋಡೆಯಿಂದ ಹೊಸ ಇಲೆಕ್ಟ್ರಾನುಗಳನ್ನು ಎಬ್ಬಿಸಿ, ಗುಡ್ಡ ಜರಿಯುವುದು ನಿಲ್ಲದೆ ಕಿಡಿಯಾಗಿ ಪರಿಣಮಿಸುತ್ತದೆ; ಆ ಬೆಳಕನ್ನು ನುಂಗಲು ಮೀಥೇನ್, ಐಸೋಬ್ಯೂಟೇನ್, ಇಂಗಾಲದ ಡೈಆಕ್ಸೈಡುಗಳಲ್ಲಿ ಒಂದನ್ನು ಬೆರೆಸಬೇಕು. ಶರ್ಪಾಕನ ತಂಡದವರು ಆರ್ಗಾನಿಗೆ ಐಸೋಬ್ಯೂಟೇನನ್ನೂ ಲೇಶಮಾತ್ರ ಫ್ರಿಯಾನನ್ನೂ ಸೇರಿಸಿ ಪಡೆದ ಮಿಶ್ರಣಕ್ಕೆ ಮಾಂತ್ರಿಕ ಅನಿಲವೆಂದೇ ಹೆಸರಾಯಿತು. ಆದರೆ ಇಂಗಾಲವುಳ್ಳ ಅನಿಲಗಳು ವರ್ಷಗಳು ಕಳೆದಂತೆ ಒಡೆದು ತಂತಿಯ ಮೇಲೆ ಪಾಚಿಯಂತೆ, ರೋಮದಂತೆ ಕಟ್ಟಿಕೊಳ್ಳುತ್ತವೆ. ಎಲ್ಲಿಯೋ ಒಂದು ಬೆಸುಗೆಗೆ ಸವರಿದ ಸಿಲಿಕೋನ್ ಜಿಡ್ಡಿನ ಆವಿಯೂ ಸಾಕು, ತಂತಿಗೆ ಅಕಾಲದಲ್ಲಿ ಮುಪ್ಪು ಬರಲು. ಆ ಕಾಲದಲ್ಲಿ ಮಂತ್ರವೆನಿಸಿದ ಫ್ರಿಯಾನಿನ ಬಳಗದ ಅನಿಲಗಳು, ಅವುಗಳಲ್ಲಿ ಕೆಲವು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಮಡಿಗೂ ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುವಂತಹವು, ಇಂದು ಸರ್ನಿನಲ್ಲಿಯೇ ಹೊಸ ಬದಲಿಗಾಗಿ ತೀವ್ರವಾಗಿ ಹುಡುಕಾಡುವಂತೆ ಮಾಡಿವೆ. ಈ ಹುಡುಕಾಟವನ್ನು ನಾನು ಅತ್ಯಂತ ಯೋಗ್ಯವಾದ ವಿಜ್ಞಾನಕಾರ್ಯವೆಂದು ಎಣಿಸುತ್ತೇನೆ.

ಇಲ್ಲಿ ನಮ್ಮ ನಾಡಿನ ನೆನಪೊಂದು ತಾನಾಗಿ ಬರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, 1965ರಲ್ಲಿ ಟಾಟಾ ಸಂಶೋಧನಾ ಸಂಸ್ಥೆಯವರೂ ಒಸಾಕಾ, ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳವರೂ ಸೇರಿ, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನು ಭೇದಿಸಿಬರುವ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಕಣದ ಜಾಡನ್ನು ತೋರಿಸಿದುದು ನಿಯಾನ್ ತುಂಬಿದ ಗಾಜಿನ ಕೊಳವೆಗಳ ಮಿಂಚು. ಮುಂದೆ 1980ರ ದಶಕದಲ್ಲಿ, ಪ್ರೋಟಾನು ಚಿರಂಜೀವಿಯೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು ಅದೇ ಗಣಿಯೊಳಗೆ ಚೌಕಾಕೃತಿಯ ಕಬ್ಬಿಣದ ಕೊಳವೆಗಳಲ್ಲಿ ಅನಿಲವನ್ನು ತುಂಬಿ, ನಡುವೆ ತಂತಿಯನ್ನೆಳೆದು, ಸುಮಾರು 1600 ಎಣಿಕೆಕೊಳವೆಗಳನ್ನು ಪದರಪದರವಾಗಿ ಜೋಡಿಸಿದ್ದರು. ಅದು ಕಣಗಳನ್ನು ಡಿಕ್ಕಿಹೊಡೆಸುವ ಯಂತ್ರವಲ್ಲ. ಮೌನವಾಗಿ ಕಾಯುವ ಪ್ರಯೋಗ. ಆದರೂ ತಂತಿ, ಅನಿಲ, ಅಯಾನು, ಎಲ್ಲವೂ ಇದೇ ಸಂಸಾರಕ್ಕೆ ಸೇರಿದುವು. ಚಿನ್ನವನ್ನು ತೆಗೆದ ಕೈಗಳು ಅಗೆದ ಸುರಂಗದಲ್ಲಿ ಇಂತಹ ಸೂಕ್ಷ್ಮವಾದ ಕೆಲಸ ನಡೆಯಿತೆಂಬುದನ್ನು ನಮ್ಮ ಮಕ್ಕಳಿಗೆ ನಾವು ಇನ್ನೂ ಹೆಚ್ಚಾಗಿ ಹೇಳಬೇಕಾಗಿದೆ.

ಈಗ ಪೀಪಾಯಿಯ ಬಳಿಗೆ ಮರಳೋಣ. 1970ರ ದಶಕದ ಮೊದಲಲ್ಲಿ ಹೈಡಲ್‌ಬರ್ಗಿನ ವಿಜ್ಞಾನಿಗಳು, ಇಲೆಕ್ಟ್ರಾನು ತಂತಿಯನ್ನು ತಲುಪಲು ಎಷ್ಟು ಹೊತ್ತು ತೆಗೆದುಕೊಂಡಿತೆಂಬುದನ್ನು ಅಳೆದರೆ ಅದು ಎಷ್ಟು ದೂರದಿಂದ ಬಂದಿತೆಂಬುದೂ ತಿಳಿಯುವುದೆಂದು ಮಾಡಿ ತೋರಿಸಿದ್ದರು. 1974ರಲ್ಲಿ ಬರ್ಕ್‌ಲಿಯ ಡೇವಿಡ್ ನೈಗ್ರೆನ್ ಈ ಯೋಚನೆಯನ್ನು ಅದರ ಪರಾಕಾಷ್ಠೆಗೆ ಒಯ್ದನು: ಪೀಪಾಯಿಯ ತುಂಬ ತಂತಿ ಬೇಡವೇ ಬೇಡ, ಅನಿಲ ಮಾತ್ರವಿರಲಿ, ತಂತಿಗಳೆಲ್ಲ ಎರಡು ತುದಿಯ ಮುಚ್ಚಳಗಳಲ್ಲಿರಲಿ. ನಡುವಿನ ಒಂದು ತೆಳುಪರದೆಗೆ ಭಾರಿ ಋಣವಿದ್ಯುತ್ತನ್ನು ಕೊಟ್ಟರೆ, ಅನಿಲದಲ್ಲಿ ಎಲ್ಲಿಯೇ ಹುಟ್ಟಿದ ಇಲೆಕ್ಟ್ರಾನು ತುದಿಯ ಮುಚ್ಚಳದ ಕಡೆಗೆ ಸಮವೇಗದಿಂದ ತೇಲಿಹೋಗುತ್ತದೆ. ಮುಚ್ಚಳದ ಮೇಲೆ ಎಲ್ಲಿ ಬಿದ್ದಿತೆಂಬುದರಿಂದ ಎರಡು ಅಳತೆ, ಎಷ್ಟು ಹೊತ್ತಿಗೆ ಬಿದ್ದಿತೆಂಬುದರಿಂದ ಮೂರನೆಯ ಅಳತೆ. ದಾರಿಯಲ್ಲಿ ಇಲೆಕ್ಟ್ರಾನುಗಳ ಗುಂಪು ಚದರಿಹೋಗದಂತೆ, ವಿದ್ಯುತ್‌ಕ್ಷೇತ್ರಕ್ಕೆ ಸಮಾಂತರವಾಗಿ ನಿಲ್ಲಿಸಿದ ಕಾಂತಕ್ಷೇತ್ರ ಅವುಗಳನ್ನು ಸಣ್ಣ ಸಣ್ಣ ಸುರುಳಿಗಳಲ್ಲಿ ಹಿಡಿದು ಕರೆದೊಯ್ಯುತ್ತದೆ. ಕಾಲವನ್ನು ದೂರವಾಗಿ ಪರಿವರ್ತಿಸುವ ಇದಕ್ಕೆ ಕಾಲಪ್ರಕ್ಷೇಪ ಕೋಷ್ಠವೆಂದು ಕರೆಯಬಹುದು. ಆಲಿಸ್ ಪ್ರಯೋಗದ ಪೀಪಾಯಿ ಈ ವಂಶದ್ದು. ಅದರ ನಡುಪರದೆಗೆ ಒಂದು ಲಕ್ಷ ವೋಲ್ಟು. ತುದಿಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಪುಟ್ಟ ಲೋಹಫಲಕಗಳು. ಅನಿಲದ ಉಷ್ಣತೆ ಎಲ್ಲೆಡೆಯಲ್ಲಿಯೂ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟೂ ವ್ಯತ್ಯಾಸವಾಗಬಾರದು. ಇಲೆಕ್ಟ್ರಾನನ್ನು ಕಬಳಿಸುವ ಆಮ್ಲಜನಕ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಿಗಿಂತ ಹೆಚ್ಚಿರಬಾರದು. ಎರಡೂವರೆ ಮೀಟರು ದೂರವನ್ನು ಇಲೆಕ್ಟ್ರಾನು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಲ್ಲಿ ತೇಲಿ ಮುಗಿಸುತ್ತದೆ.

ತುದಿಯ ತಂತಿಗಳ ಬಳಿಯಲ್ಲಿ ಗುಡ್ಡ ಜರಿದಾಗ ಹುಟ್ಟುವ ಅಯಾನುಗಳ ಗತಿಯೇನು? ಅವು ಇಲೆಕ್ಟ್ರಾನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೊರಟು, ಪೀಪಾಯಿಯೊಳಕ್ಕೆ ನುಗ್ಗಿ, ಅಲ್ಲಿಯ ನೇರವಾದ ವಿದ್ಯುತ್‌ಕ್ಷೇತ್ರವನ್ನು ಸೊಟ್ಟಗೆ ಮಾಡುತ್ತವೆ. ಅಂಕುಡೊಂಕಾದ ಗಾಜಿನ ಮೂಲಕ ನೋಡಿದಂತೆ ಕಣದ ಜಾಡುಗಳೆಲ್ಲ ಬಾಗಿ ತೋರುತ್ತವೆ. ಇದನ್ನು ತಡೆಯಲು ತಂತಿಗಳ ಮುಂದೆ ಇನ್ನೊಂದು ತಂತಿಸಾಲಿನ ಬಾಗಿಲನ್ನು ಕಟ್ಟಿದ್ದರು. ಘಟ್ಟನೆ ನಡೆದೊಡನೆ ಬಾಗಿಲು ತೆರೆದು ಇಲೆಕ್ಟ್ರಾನುಗಳನ್ನು ಒಳಗೆ ಬಿಡುವುದು. ಬಳಿಕ ಬಾಗಿಲು ಮುಚ್ಚಿ, ಹಿಂದಿರುಗಿ ಬರುವ ಅಯಾನುಗಳನ್ನು ಅಲ್ಲಿಯೇ ಹಿಡಿದುಹಾಕುವುದು. ಉಪಾಯವೇನೋ ಒಳ್ಳೆಯದು. ಆದರೆ ಬಾಗಿಲು ಮುಚ್ಚಿದ್ದಷ್ಟು ಹೊತ್ತೂ ಪೀಪಾಯಿ ಕುರುಡು. ಸೆಕೆಂಡಿಗೆ ಕೆಲವೇ ಸಾವಿರ ಘಟ್ಟನೆಗಳಿಗಿಂತ ಹೆಚ್ಚನ್ನು ನೋಡಲಾರದು. ನ್ಯೂಕ್ಲಿಯಸುಗಳನ್ನು ಡಿಕ್ಕಿಹೊಡೆಸುವ ಸಂಘಟ್ಟಕಯಂತ್ರವೋ ಸೆಕೆಂಡಿಗೆ ಐವತ್ತು ಸಾವಿರ ಸೀಸದ ಘಟ್ಟನೆಗಳನ್ನು ಕೊಡಲು ಸಿದ್ಧವಾಗುತ್ತಿತ್ತು. ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಲ್ಲಿ ಐದು ಘಟ್ಟನೆಗಳ ಜಾಡುಗಳು ಒಂದರ ಮೇಲೊಂದು ಬೀಳುವಾಗ, ಬಾಗಿಲನ್ನು ಮುಚ್ಚಲು ಬಿಡುವೆಲ್ಲಿದೆ?

ಬಿಡುಗಡೆಯ ದಾರಿಯನ್ನು ತೋರಿಸಿದವನು ಶರ್ಪಾಕನ ಜೊತೆಗಾರನಾಗಿದ್ದ ಇಟಲಿಯ ಫಾಬಿಯೋ ಸೌಲಿ. ಅವನು 1997ರಲ್ಲಿ ತಂತಿಯನ್ನೇ ತೊರೆದನು. ಐವತ್ತು ಮೈಕ್ರಾನು ದಪ್ಪದ, ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ, ಅದರ ಎರಡು ಮೈಗೂ ತಾಮ್ರದ ತೆಳುಲೇಪ. ಅದರಲ್ಲಿ ಎಪ್ಪತ್ತು ಮೈಕ್ರಾನು ಅಗಲದ ರಂಧ್ರಗಳು, ಚದರ ಸೆಂಟಿಮೀಟರಿಗೆ ಐದಾರು ಸಾವಿರದಂತೆ, ರಾಸಾಯನಿಕಗಳಿಂದ ಕೊರೆದವು. ನಮ್ಮ ಅಡಿಗೆಯ ಮನೆಯ ಜರಡಿಯೇ ಇದು. ಎರಡು ತಾಮ್ರದ ಮೈಗಳ ನಡುವೆ ಮುನ್ನೂರು ನಾನ್ನೂರು ವೋಲ್ಟುಗಳನ್ನಿಟ್ಟರೆ, ಒಂದೊಂದು ರಂಧ್ರವೂ ಕೆರೆಯ ತೂಬಾಗುತ್ತದೆ. ಒಳಹೊಕ್ಕ ಇಲೆಕ್ಟ್ರಾನು ಬಹುವಾಗಿ ಹೊರಬರುತ್ತದೆ. ಜೆಮ್ ಎಂಬ ಹೆಸರಿನ ಈ ಜರಡಿಯ ಗುಣವಿಶೇಷವೇನೆಂದರೆ, ಹಿಂದಿರುಗುವ ಅಯಾನುಗಳಲ್ಲಿ ಬಹುಪಾಲು ಜರಡಿಯ ಮೈಗೇ ಅಂಟಿ ಅಲ್ಲಿಯೇ ಉಳಿದುಬಿಡುತ್ತವೆ. ಆಲಿಸಿನ ಕುಶಲಿಗಳು ಇಂತಹ ನಾಲ್ಕು ಜರಡಿಗಳನ್ನು ಒಂದರ ಕೆಳಗೊಂದಾಗಿ, ರಂಧ್ರಕ್ಕೆ ರಂಧ್ರ ನೇರವಾಗದಂತೆ ಜೋಡಿಸಿದರು. ವರ್ಷಗಳ ಪರೀಕ್ಷೆಯ ಫಲವಾಗಿ, ಹುಟ್ಟಿದ ಅಯಾನುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಮಾತ್ರ ಪೀಪಾಯಿಯೊಳಕ್ಕೆ ನುಸುಳುವಂತಾಯಿತು. ಹಲವು ದೇಶಗಳಲ್ಲಿ ಹಾಳೆಹಾಳೆಯಾಗಿ ತಪಾಸಣೆ ಮಾಡಿ, ಒಂದು ಧೂಳಿನ ಕಣವೂ ಕುಳಿತಿಲ್ಲವೆಂದು ಖಚಿತಪಡಿಸಿಕೊಂಡು, ಯಂತ್ರಕ್ಕೆ ವಿರಾಮವಿದ್ದ ವರ್ಷಗಳಲ್ಲಿ ಹಳೆಯ ತಂತಿಮುಚ್ಚಳಗಳನ್ನು ಕಳಚಿ ಹೊಸವನ್ನು ಕೂಡಿಸಿದರು. 2022ರಿಂದ ಪೀಪಾಯಿ ಬಾಗಿಲಿಲ್ಲದೆ, ಎಡೆಬಿಡದೆ ನೋಡಲಾರಂಭಿಸಿತು. ಜೆಮ್ ಜರಡಿಗಳ ಈ ವಿದ್ಯೆಯಲ್ಲಿ ನಮ್ಮ ದೇಶದ ಪ್ರಯೋಗಶಾಲೆಗಳವರೂ ಕೈಹಾಕಿದ್ದಾರೆ. ಸರ್ನಿನ ಇನ್ನೊಂದು ಮಹಾಪ್ರಯೋಗವಾದ ಸಿಎಂಎಸ್ಸಿಗಾಗಿ ಕೆಲವು ಜೆಮ್ ಕೋಷ್ಠಗಳು ಭಾರತದಲ್ಲಿಯೇ ಜೋಡಣೆಗೊಂಡು ಹೋಗಿವೆ.

ನುಸುಳಿದ ಆ ಅತ್ಯಲ್ಪ ಭಾಗವೂ ಸುಮ್ಮನಿರುವುದಿಲ್ಲ. ತುದಿಯಿಂದ ನಡುಪರದೆಯ ತನಕ ಎರಡೂವರೆ ಮೀಟರು ನಡೆಯಲು ಅಯಾನಿಗೆ ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು ಕಾಲ ಬೇಕು. ಅಷ್ಟರಲ್ಲಿ ಇನ್ನೂ ಎಂಟು ಸಾವಿರ ಘಟ್ಟನೆಗಳು ನಡೆದುಹೋಗುವುದರಿಂದ, ಯಾವ ಕ್ಷಣದಲ್ಲಿ ನೋಡಿದರೂ ಪೀಪಾಯಿಯಲ್ಲಿ ಎಂಟು ಸಾವಿರ ಘಟ್ಟನೆಗಳ ಅಯಾನುಗಳು ಮೆಲ್ಲಮೆಲ್ಲನೆ ಸಾಗುತ್ತಿರುತ್ತವೆ. ಅವುಗಳ ಸೆಳೆತದಿಂದ ಜಾಡುಗಳು ಸೆಂಟಿಮೀಟರುಗಳಷ್ಟು ಪಕ್ಕಕ್ಕೆ ಸರಿಯುತ್ತವೆ. ಆ ಸರಿತವನ್ನು ಗಳಿಗೆಗಳಿಗೆಗೂ ಲೆಕ್ಕಹಾಕಿ, ಮಿಲಿಮೀಟರಿನ ಅಂಶದ ಮಟ್ಟಿಗೆ ತಿದ್ದಿ, ಕಣ ನಿಜವಾಗಿ ನಡೆದ ದಾರಿಯನ್ನು ಗಣಕಯಂತ್ರಗಳು ಮರಳಿ ಬರೆಯುತ್ತವೆ. ಇತ್ತ ಅಯಾನು ತನ್ನ ಪಯಣವನ್ನು ಮುಂದುವರಿಸಿ, ಕಡೆಗೊಮ್ಮೆ ಲಕ್ಷ ವೋಲ್ಟಿನ ಆ ತೆಳುಪರದೆಯನ್ನು ಮುಟ್ಟಿ, ಕಳೆದುಕೊಂಡಿದ್ದ ಇಲೆಕ್ಟ್ರಾನನ್ನು ಅಲ್ಲಿ ಪಡೆದು, ಆವೇಶವಿಲ್ಲದ ಅಣುವಾಗಿ, ಶುದ್ಧೀಕರಣದ ಕೊಳವೆಗಳ ಕಡೆಗೆ ಹರಿಯುವ ಉಳಿದ ಅನಿಲದೊಡನೆ ಸೇರಿಹೋಗುತ್ತದೆ.